ನಿಂಗಾಜಮ್ಮನವರ ಕೈ

ಹೊಳೆದಂಡೆಯ ಒಂದು ಚಿತ್ರಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಗುರುವಿನ ಕಣ್ಣು ಮಂಜಾಗತೊಡಗಿದರೆ ಶಿಷ್ಯ ಆ ಗುರುವಿನ ಚಿತ್ರವನ್ನು ಗೋಡೆಯ ಮೇಲೆ ಬರೆಯಬೇಕು. ಹಿಂದಿನ ಗುರುಗಳೆಲ್ಲ ಅಲ್ಲಿ ಸಾಲಾಗಿ ಕೂತಿದ್ದರು. ಜನ ಶಾಲೆಯ ಕಥೆ ಹೇಳುತ್ತಿದ್ದುದು ಆ ಸಾಲನ್ನು ನೋಡಿಯೇ. ಗೋಡೆಯಲ್ಲಿ ಇಲ್ಲದವರು ಕಥೆಯಲ್ಲೂ ಇಲ್ಲ.

ಈಗ ನಿಂಗಾಜಮ್ಮನವರ ಸರದಿ. ಆ ಸಾಲಿಗೆ ಸೇರುವ ಮೊದಲ ಹೆಂಗಸು ಎಂದು ಊರೆಲ್ಲ ಕೊಂಡಾಡುತ್ತಿತ್ತು.

ಶಿಷ್ಯ ಚೆಲುವಯ್ಯ ಊಟ ನಿದ್ದೆ ಮರೆತು ಚಿತ್ರ ಬರೆದ. ಗುರುವನ್ನು ಕೈಹಿಡಿದು ಕರೆತಂದ.

ಅವರು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು.

"ಯಾರಪ್ಪಾ ಇವಳು?"

"ನೀವೇ ಅಮ್ಮ."

"ನಾನ್ಯಾಕೆ ತಾವರೆ ಹಿಡ್ಕೊಂಡು ನಿಂತಿದೀನಿ?"

ಚೆಲುವಯ್ಯ ಆಗಷ್ಟೇ ಅದನ್ನು ಗಮನಿಸಿದ. ಗಂಡಸರೆಲ್ಲ ಕುಂಚ ಹಿಡಿದು ಕೂತಿದ್ದರು. ತನ್ನ ಗುರು ಮಾತ್ರ ಹೂವು ಹಿಡಿದು ನಿಂತಿದ್ದರು. ಪಾಪ, ಬೇಕೆಂದು ಮಾಡಿದ್ದಲ್ಲ.

"ನಕ್ಷೆಯಲ್ಲಿ ಹಾಗೇ ಇತ್ತಲ್ಲ, ಅಮ್ಮ."

ಅದೂ ನಿಜವೇ. ಆ ಶಾಲೆಯಲ್ಲಿ ಯಾರೂ ಆಕೃತಿಯನ್ನು ಹೊಸದಾಗಿ ಎಳೆಯುತ್ತಿರಲಿಲ್ಲ. ಸೂಜಿಯಿಂದ ಚುಚ್ಚಿದ ಹಳೆಯ ನಕ್ಷೆಗಳಿದ್ದವು. ಗೋಡೆಗೆ ಹಿಡಿದು ಇದ್ದಿಲ ಪುಡಿ ತಟ್ಟಿದರೆ ಗೆರೆ ಮೂಡುತ್ತಿತ್ತು.

ಚೆಲುವಯ್ಯ ನಕ್ಷೆಯ ಪೆಟ್ಟಿಗೆಯನ್ನೇ ಬುಡಮೇಲು ಮಾಡಿದ. ಹೆಂಗಸಿನ ಕೈಗಳು ಬೇಕಾದಷ್ಟಿದ್ದವು. ಗಿಳಿ ಹಿಡಿದದ್ದು, ಕನ್ನಡಿ ಹಿಡಿದದ್ದು, ಯಾರಿಗೋ ಗಾಳಿ ಬೀಸುತ್ತಿದ್ದದ್ದು. ಕುಂಚ ಹಿಡಿದದ್ದು ಒಂದೂ ಇರಲಿಲ್ಲ. ಅವನು ಇಂಗು ತಿಂದ ಮಂಗನಂತಾದ.

ಕೊನೆಗೆ ಗಂಡಸಿನ ನಕ್ಷೆಯೊಂದರಿಂದ ಕೈ ತೆಗೆದು ಗುರುವಿನ ಚಿತ್ರಕ್ಕೆ ಜೋಡಿಸಿದ.

ನಿಂಗಾಜಮ್ಮ ನೋಡಿ ನಕ್ಕುಬಿಟ್ಟರು.

"ಇದು ನಮ್ಮ ಗುರುಗಳ ಕೈ ಕಣೋ. ಈ ಕೈಲಿ ಏಟು ತಿಂದೋಳಿಗೆ ಗುರುತು ಸಿಗಲ್ವಾ? ಅವರಿಗೇ ವಾಪಸು ಕೊಡು."

"ಹೆಂಗಸಿನ ಕೈ ಹಾಕಿದ್ರೆ ಕುಂಚ ಇಲ್ಲ. ಕುಂಚದ ಕೈ ಹಾಕಿದ್ರೆ ನೀವಿಲ್ಲ. ನನಗೆ ತಲೆಯೇ ಓಡ್ತಿಲ್ಲ ಅಮ್ಮ."

"ನಿನಗೆ ಗೆರೆ ಎಳೆಯೋದು ಕಲಿಸಿದ್ದು ಯಾವ ಕೈ?"

ಚೆಲುವಯ್ಯ ಕಣ್ಣು ಮುಚ್ಚಿ ನೆನೆದ. ಗೆರೆಗಳೆಲ್ಲ ನೆನಪಿದ್ದವು. ಕೈ ನೆನಪಿಗೆ ಬರಲಿಲ್ಲ. ಅವನಿಗೆ ನಾಚಿಕೆಯಾಯಿತು, ಭಯವೂ ಆಯಿತು.

ಆ ಭಯದಲ್ಲೇ ಸಾಲನ್ನು ಇನ್ನೊಮ್ಮೆ ನೋಡಿದ. ಬಹಳ ಹಿಂದಿನ ಗುರುವೊಬ್ಬರ ಬೆನ್ನ ಹಿಂದೆ ಒಬ್ಬಳು ದೀಪ ಹಿಡಿದು ನಿಂತಿದ್ದಳು.

"ಅಮ್ಮ, ಇವಳು ಯಾರು? ಅವರ ಮನೆ ಹೆಂಗಸು ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ. ನೀನು ನನಗೆ ತಾವರೆ ಕೊಡೋವರೆಗೂ."

"ಹಾಗಾದ್ರೆ ಅವಳೂ ಗುರುವೇ?"

"ಗೊತ್ತಿಲ್ಲ."

"ಬರೀ ದೀಪ ಹಚ್ಚೋಳೂ ಆಗಿರಬಹುದಲ್ವಾ?"

"ಆಗಿರಬಹುದು."

"ಏನಾದರೂ ಒಂದು ಹೇಳಿ ಅಮ್ಮ! ದೀಪ ಅಳಿಸಿ ಕುಂಚ ಕೊಡಲಾ, ಹಾಗೇ ಬಿಡಲಾ?"

ನಿಂಗಾಜಮ್ಮ ತಡವರಿಸುತ್ತ ಬಾಗಿಲ ಬೆಳಕಿಗೆ ಹೋಗಿ ಕೂತರು. ಹಲಗೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಕುಂಚವನ್ನು ಬಣ್ಣಕ್ಕೆ ಅದ್ದಿದರು. ಹಲಗೆಯ ಮೇಲೆ ಗೆರೆ ಎಳೆಯತೊಡಗಿದರು.

ಚೆಲುವಯ್ಯ ಇನ್ನೂ ಆ ದೀಪದವಳ ಮುಂದೆಯೇ ನಿಂತಿದ್ದ.

ಗುರು ತಲೆಯೆತ್ತದೆ ಹೇಳಿದರು:

"ಅವಳನ್ನ ಕಂಡೋರು ಯಾರೂ ಉಳಿದಿಲ್ಲ ಮಗ. ನನ್ನನ್ನ ಕಾಣೋಕೆ ನೀನಿದೀಯ. ಈ ಕಡೆ ತಿರುಗು."