ಹೊನ್ನಯ್ಯನ ರಾಜ್ಯ

ವೇದಾವತಿಯ ದಡದ ಆಶ್ರಮದಲ್ಲಿ ಒಂದು ಬೆಳಗ್ಗೆ ಗುರುಗಳು ಶಿಷ್ಯರನ್ನೆಲ್ಲ ಬೇವಿನ ಮರದಡಿ ಕೂರಿಸಿಕೊಂಡರು.

"ಇನ್ನು ಮೇಲೆ ಇಲ್ಲಿ ನನ್ನ ಅಪ್ಪಣೆ ನಡೆಯೋದಿಲ್ಲ. ಇವತ್ತಿನಿಂದ ಸ್ವರಾಜ್ಯ. ನಿಮ್ಮ ಆಶ್ರಮವನ್ನ ನೀವೇ ಆಳ್ಕೊಳ್ಳಿ" ಎಂದರು.

ಹಿರಿಯ ಶಿಷ್ಯ ಕಲ್ಲೇಶನ ಎದೆ ಹಿಗ್ಗಿತು. ಯಜಮಾನಿಕೆ ತನಗೇ ಎಂದು ಅವನು ಎಂದೋ ಲೆಕ್ಕ ಹಾಕಿಟ್ಟಿದ್ದ. ಉಗ್ರಾಣದ ಬೀಗದಕೈಗೆ ಕೈ ಚಾಚುವುದೊಂದೇ ಬಾಕಿ.

ಗುರುಗಳು ಬೀಗದಕೈಯನ್ನು ಯಾರಿಗೂ ಕೊಡದೆ ಬೇವಿನ ಕೊಂಬೆಗೆ ನೇತುಹಾಕಿ ಹೊಳೆಯ ಕಡೆ ನಡೆದುಬಿಟ್ಟರು.

ಶಿಷ್ಯರು ವಾದಕ್ಕೆ ಬಿದ್ದರು. ಸ್ವರಾಜ್ಯ ಎಂದರೆ ಯಾರ ಮಾತನ್ನೂ ಕೇಳಬೇಕಾಗಿಲ್ಲ ಎಂದನೊಬ್ಬ. ಹೊತ್ತೇರುವವರೆಗೆ ಮಲಗಬಹುದು ಎಂದ ಇನ್ನೊಬ್ಬ, ಅವನು ಮಹಾ ಸೋಮಾರಿ.

"ತಲೆಯಿಲ್ಲದೆ ಮೈ ನಡೆಯುತ್ತೇನ್ರೋ? ಹಿರಿಯ ಅಂತ ಒಬ್ಬ ಇದ್ದರೇನೇ ಸ್ವರಾಜ್ಯ" ಎಂದ ಕಲ್ಲೇಶ.

ಯಾರೂ ಅವನತ್ತ ತಿರುಗಲಿಲ್ಲ. ಎಲ್ಲರೂ ಹೊನ್ನಯ್ಯನ ಮುಖ ನೋಡಿದರು. ನಿನ್ನೆ ಮೊನ್ನೆ ಆಶ್ರಮಕ್ಕೆ ಬಂದ ಹೊನ್ನಯ್ಯ!

"ನನಗೂ ಗೊತ್ತಿಲ್ಲ. ಕೂತು ಮಾತಾಡೋಣ" ಎಂದನಷ್ಟೇ. ಅಷ್ಟಕ್ಕೇ ಎಲ್ಲರಿಗೂ ಸಮಾಧಾನವಾಯಿತು.

ಕಲ್ಲೇಶನ ಹೊಟ್ಟೆಗೆ ಕಿಚ್ಚು ಬಿತ್ತು. ತೋಟದ ನೀರಿನ ಸರದಿಗೂ ಹೊನ್ನಯ್ಯನನ್ನೇ ಕೇಳುವುದು, ಜಗಳ ಬಿಡಿಸಲೂ ಹೊನ್ನಯ್ಯನೇ ಬರಬೇಕು. ಇಷ್ಟು ವರ್ಷ ಇಲ್ಲಿ ಸೌದೆ ಹೊತ್ತವನು ತಾನು, ಮಂತ್ರ ಬಾಯಿಪಾಠ ಮಾಡಿದವನು ತಾನು.

ಒಂದು ಬೆಳಗ್ಗೆ ಅವನು ಯಾರೂ ಕಾಣದಂತೆ ಬೀಗದಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡ. ಅಡುಗೆ ನಿಲ್ಲಲಿ. ಹಸಿದವರೆಲ್ಲ ಹೊನ್ನಯ್ಯನ ಮೇಲೆ ಹರಿಹಾಯಲಿ. ಆಗ ತಿಳಿಯುತ್ತದೆ.

ಯಾರೂ ಹರಿಹಾಯಲಿಲ್ಲ. ಮರದಡಿ ಕೂತು ಮಾತಾಡಿಕೊಂಡರು. ಬೀಗ ಒಡೆದರು. ಇನ್ನು ಉಗ್ರಾಣಕ್ಕೆ ಬೀಗವೇ ಬೇಡವೆಂದು ತೀರ್ಮಾನಿಸಿ, ಹಿಟ್ಟು ತಂದು ಮುದ್ದೆ ತೊಳಸಿದರು.

ಕಲ್ಲೇಶ ಧುಮುಗುಡುತ್ತಾ ಹೊಳೆಗೆ ಬಂದ. ಗುರುಗಳು ಕಲ್ಲಿನ ಮೇಲೆ ಪಂಚೆ ಒಗೆಯುತ್ತಿದ್ದರು.

"ಇದು ಸ್ವರಾಜ್ಯ ಅಲ್ಲ ಗುರುಗಳೇ. ಹೊನ್ನಯ್ಯನ ರಾಜ್ಯ!"

"ಹೌದೇನು? ಅವನು ಇವತ್ತು ಎಷ್ಟೊತ್ತಿಗೆ ಎದ್ದ?"

"ಕೋಳಿ ಕೂಗೋಕೆ ಮೊದಲೇ."

"ಎದ್ದವನು ಮೊದಲು ಯಾರ ಜೊತೆ ಮಾತಾಡಿದ?"

"ಅಡುಗೆ ಸಿದ್ಧಯ್ಯನ ಜೊತೆ. ಅದೂ ನಕ್ಕೊಂಡು."

"ಮಧ್ಯಾಹ್ನ ಎಷ್ಟು ಉಂಡ?"

"ಎರಡು ಮುದ್ದೆ. ಆಮೇಲೆ ಇನ್ನರ್ಧ ಹಾಕಿಸಿಕೊಂಡ."

"ನೀನು?"

ಕಲ್ಲೇಶ ಉಂಡೇ ಇರಲಿಲ್ಲ. ಕೈ ತಾನಾಗಿ ಸೊಂಟದ ಬೀಗದಕೈಯ ಮೇಲೆ ಹೋಯಿತು. ಗುರುಗಳು ಅದನ್ನು ನೋಡಿದರು.

"ಕಲ್ಲೇಶ ಇವತ್ತು ಏನೇನು ಮಾಡಿದ ಅಂತ ಹೊನ್ನಯ್ಯನನ್ನ ಕೇಳಿದರೆ ಹೇಳ್ತಾನೇನು?"

"ಅವನಿಗೆಲ್ಲಿ ಗೊತ್ತು ಗುರುಗಳೇ? ಅವನ ಪಾಡು ಅವನಿಗೆ."

ಗುರುಗಳು ಪಂಚೆ ಹಿಂಡಿ ಹೆಗಲಿಗೆ ಹಾಕಿಕೊಂಡರು.

"ಹಾಗಾದರೆ ನೀನು ಹೇಳಿದ್ದೇ ನಿಜ ಕಲ್ಲೇಶ. ಹೊನ್ನಯ್ಯ ರಾಜ್ಯ ಆಳ್ತಿದ್ದಾನೆ. ಪಾಪ, ಅವನಿಗಿರೋ ಪ್ರಜೆ ನೀನೊಬ್ಬನೇ."