ಫಕೀರವ್ವನ ಕಣ್ಣಿನ ಎರಡು ಹನಿ

ಕಸೂತಿ ಹಾಕುತ್ತಲೇ ಮುಪ್ಪಾದ ಫಕೀರವ್ವ ತನ್ನ ಕಣ್ಣುಗಳನ್ನು ದಾನಕ್ಕೆ ಬರೆದಿಟ್ಟು ತೀರಿಕೊಂಡಳು. ಆ ಕಣ್ಣಿನ ಮಸೂರದಿಂದ ಪ್ರಯೋಗಾಲಯದವರಿಗೆ ಸಿಕ್ಕಿದ ಜಿಡ್ಡು ಎರಡೇ ಹನಿ. ಒಂದು ಹನಿಯನ್ನು ಗಾಜಿನ ಸೀಸೆಗೆ ಹಾಕಿದರು. ಸೀಸೆ ಇನ್ನೊಂದು ಇರಲಿಲ್ಲವಾಗಿ, ಉಳಿದ ಹನಿ ಪ್ಲಾಸ್ಟಿಕ್ ಕೊಳವೆಯ ಪಾಲಾಯಿತು.

ತೂಗುವ ಸರದಿ ಬರುವ ತನಕ ಹನಿಗಳು ಹಳೆಯ ಕಾಲವನ್ನು ನೆನೆದವು.

"ಅವಳು ಹುಟ್ಟುವ ಮೊದಲೇ ಆ ಕಣ್ಣಿಗೆ ಬಂದವರು ನಾವು. ಇಳಕಲ್ ಸೀರೆಯ ಎಳೆಗಳನ್ನು ಅವಳು ನಮ್ಮ ಮೂಲಕವೇ ಎಣಿಸುತ್ತಿದ್ದಳು. ಎಷ್ಟು ಹುಡುಕಿದರೂ ಅವಳ ಕಸೂತಿಯಲ್ಲಿ ಒಂದು ಗಂಟೂ ಕಾಣುತ್ತಿರಲಿಲ್ಲ, ಹಾಕಿದ ಕೈಯ ಗುರುತೇ ಸಿಗುತ್ತಿರಲಿಲ್ಲ."

ಇಂಥವಳಿಗೆ ತಾನೂ ಏನಾದರೂ ಕೊಡಬೇಕೆಂದು ಕೊಳವೆ ತನ್ನ ಮೈಯ ಜಿಡ್ಡನ್ನೇ ಹನಿಗೆ ಬೆರೆಸಿತು. ಆಮೇಲೆ ಸೀಸೆಯನ್ನು ಜರೆಯಿತು: "ಇಷ್ಟು ಕೇಳಿಯೂ ಏನೂ ಕೊಡಲಿಲ್ಲವಲ್ಲ, ನೀನು ಕಲ್ಲು!"

"ನಾನಿನ್ನೂ ಕೇಳುತ್ತಿದ್ದೇನೆ," ಎಂದಿತು ಸೀಸೆ.

ಅಣುಗಳನ್ನು ತೂಗಿ ಹೆಸರು ಹೇಳುವ ಯಂತ್ರ ಮೊದಲು ಕೊಳವೆಯ ಹನಿಯನ್ನು ತೂಗಿತು. "ಇದರಲ್ಲಿ ಕೊಳವೆಯ ಜಿಡ್ಡೇ ಹೆಚ್ಚು. ಫಕೀರವ್ವ ಯಾವುದು, ಕೊಳವೆ ಯಾವುದು ಎಂದು ಹೇಳಲಾರೆ. ಚೆಲ್ಲಿಬಿಡಿ."

"ಪ್ರೀತಿಯಿಂದ ಕೊಟ್ಟೆನಲ್ಲ!" ಎಂದಿತು ಕೊಳವೆ.

"ಹೌದು. ಆ ಕೊಡುಗೆಯ ಭಾರವೇ ಅವಳನ್ನು ಮುಚ್ಚಿಹಾಕಿದೆ."

ಕಸದ ಬುಟ್ಟಿಯಲ್ಲಿ ಬಿದ್ದುಕೊಂಡೇ ಕೊಳವೆ ಕಿವಿಗೊಟ್ಟಿತು. ಸೀಸೆಯ ಹನಿಯನ್ನು ತೂಗುತ್ತ ಯಂತ್ರ ಒಂದೊಂದೇ ಹೆಸರು ಹೇಳಿತು. ಎಲ್ಲವೂ ಫಕೀರವ್ವನ ಕಣ್ಣಿನವೇ. ಸೀಸೆಯ ಹೆಸರು ಕಡೆಯವರೆಗೂ ಬರಲಿಲ್ಲ.

ಗಂಟು ಕಾಣದ ಆ ಕಸೂತಿ ಕೊಳವೆಗೆ ಆಗ ನೆನಪಾಯಿತು.