ತಿರಕಪ್ಪನ ತಲೆನೋವು, ಸಾತವ್ವನ ನಿದ್ದೆ

ಊರಿನ ಹೆಸರು ಕೇಳಬೇಡಿ. ಹೇಳಿದರೆ ಆ ಊರಿನವರು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಆ ಊರಲ್ಲಿ ಸಾತವ್ವ ಎಂಬ ತಾಯಿ, ತಿರಕಪ್ಪ ಎಂಬ ಮಗ. ಸಾತವ್ವ ಕೋಳಿ ಕೂಗುವ ಮೊದಲೇ ಎದ್ದು ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುವವಳು. ಬಡಿದು ಬಡಿದು ರಟ್ಟೆ ಸೋತಿತ್ತು, ಹೊಗೆ ಕುಡಿದು ಕಣ್ಣು ಸೋತಿತ್ತು. ಅವಳು ದೇವರ ಹತ್ತಿರ ಬಂಗಾರ ಬೇಡಲಿಲ್ಲ, ಸೊಸೆಯನ್ನೂ ಬೇಡಲಿಲ್ಲ. ಮಧ್ಯಾಹ್ನ ಒಂದು ಗಳಿಗೆ ನಿದ್ದೆ ಬೇಡಿದಳು, ಅಷ್ಟೇ. ದೇವರು ತಿರಕಪ್ಪನನ್ನು ಕೊಟ್ಟಿದ್ದ.

ತಿರಕಪ್ಪನನ್ನು ದಡ್ಡ ಅಂದರೆ ಉಳಿದ ದಡ್ಡರಿಗೆ ಬೇಜಾರು. ಮೀಸೆ ಬಂದಿತ್ತು, ಬುದ್ಧಿ ಬರುವುದು ಬಾಕಿ ಇತ್ತು. ಉಣ್ಣುವಾಗ ಫೋನು, ಕೂತರೆ ಫೋನು, ಮಲಗಿದರೆ ಎದೆಯ ಮೇಲೆ ಫೋನು. ಸಾತವ್ವ ಕೌದಿ ಹಾಸಿ ಅಡ್ಡಾದಳೋ ಇಲ್ಲವೋ, ಶುರು.

"ಯವ್ವಾ, ತಲಿ ಸಿಡಿಯಾಕತ್ತೈತಿ! ಬಾ, ಒತ್ತು!"

ಅವಳು ಒತ್ತುತ್ತಾ ಕೂರುವಳು, ಅವನು ನೋಡುತ್ತಾ ಮಲಗುವನು. ಹೀಗೇ ಹೊತ್ತು ಮುಳುಗುವುದು, ಮತ್ತೆ ಒಲೆ ಹಚ್ಚುವುದು.

ಬೇಸತ್ತು ಮಗನನ್ನು ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಕಣ್ಣು ನೋಡಿದರು, ಕುತ್ತಿಗೆ ಒತ್ತಿ ನೋಡಿದರು.

"ತಲಿನೋವಿಗೆ ಕಾರಣ ನೂರಾ ಎಂಟು ಇರ್ತಾವಮ್ಮ. ನಿಮ್ಮ ಮಗನ ನೋವಿಗೆ ಫೋನೂ ಒಂದು ಇದ್ದಂಗ ಕಾಣತೈತಿ. ತಮ್ಮಾ, ಅದನ್ನ ಕಣ್ಣಿಗೆ ಹಚ್ಚಿಕೊಂಡು ಕೂಡಬ್ಯಾಡ. ದೂರ ಇಟ್ಟು ನೋಡು."

"ಆತ್ರಿ!" ಅಂದ ತಿರಕಪ್ಪ.

ಮರುದಿನ ಫೋನನ್ನು ಓಣಿಯಾಚೆ ಎದುರು ಮನೆಯ ಕಟ್ಟೆಯ ಮೇಲೆ ಇಟ್ಟ. ತಾನು ಈಚೆ ಹೊಸ್ತಿಲ ಮೇಲೆ ಕೂತು ಕಣ್ಣು ಕಿರಿದು ಮಾಡಿ ನೋಡತೊಡಗಿದ. ನಡುವೆ ಎಮ್ಮೆ ಬಂತು, "ಅತ್ತಾಗ ಸರಿ, ಸರಿ!" ಎಂದು ಕೂಗಿದ. ನೀರಿನ ಕೊಡ ಹೊತ್ತವರು ಬಂದರು, "ಸರೀರಿ, ಸರೀರಿ!" ಆಗಷ್ಟೇ ಕಣ್ಣು ಮುಚ್ಚಿದ್ದ ಸಾತವ್ವ ಗಾಬರಿಯಿಂದ ಹೊರಗೆ ಓಡಿ ಬಂದಳು.

"ಯವ್ವಾ, ದೂರ ಇಟ್ಟರೂ ತಲಿ ನೋಯತೈತಿ!"

"ಖೋಡಿ! ಓಣಿ ದಾಟಿ ಇಡಂತ ಯಾರು ಹೇಳಿದ್ರು? ಕುತ್ತಿಗಿ ನೆಟ್ಟಗಿರಬೇಕು, ತಲಿ ಎತ್ತಿರಬೇಕು! ಬಗ್ಗಿ ನೋಡಬಾರದು, ತಿಳೀತಿಲ್ಲೋ?"

"ತಿಳೀತು, ಯವ್ವಾ!"

ಮರುದಿನ ರೊಟ್ಟಿಯ ಬುಟ್ಟಿ ಕೊಟ್ಟು ಖಾನಾವಳಿಗೆ ಕಳಿಸಿದಳು. ತಿರಕಪ್ಪ ಕುತ್ತಿಗೆ ನೆಟ್ಟಗೆ ಮಾಡಿದ, ತಲೆ ಎತ್ತಿದ, ಮದುವೆಗೆ ಹೊರಟ ಮದುಮಗನ ಹಾಗೆ ನಡೆದ. ಮುಂದೆ ಗಟಾರ ಇತ್ತು. ಬಗ್ಗಿ ನೋಡಬಾರದಲ್ಲ, ನೋಡಲಿಲ್ಲ. ಅವನೂ ಗಟಾರಕ್ಕೆ, ಬುಟ್ಟಿಯೂ ಗಟಾರಕ್ಕೆ. ಓಣಿಯ ನಾಯಿಗಳಿಗೆ ಅಂದು ಹಬ್ಬ. ಸಾತವ್ವ ಮತ್ತೆ ಹಿಟ್ಟು ನಾದಿದಳು, ಮತ್ತೆ ಬಡಿದಳು. ಅವತ್ತಿನ ನಿದ್ದೆಯೂ ಒಲೆಗೆ ಬಿತ್ತು.

"ಹೊಟ್ಟ್ಯಾಗ ಹುಟ್ಟಿ ಹೊಟ್ಟಿ ಉರಸ್ತೀಯಲ್ಲೋ! ಕೈಯಾಗ ಏನೈತಿ, ಅದರ ಮ್ಯಾಗ ಕಣ್ಣಿರಬೇಕು! ಅತ್ತಾಗ ಇತ್ತಾಗ ನೋಡಬಾರದು, ರೆಪ್ಪಿ ಸೈತ ಬಡೀಬಾರದು!"

"ಆತು, ಯವ್ವಾ!"

ಮರುದಿನ ಅವನ ಕೈಯಲ್ಲಿ ಬುಟ್ಟಿ ಇರಲಿಲ್ಲ, ಫೋನಿತ್ತು. ಬೆಳಗಿನಿಂದ ಅತ್ತ ನೋಡಲಿಲ್ಲ, ಇತ್ತ ನೋಡಲಿಲ್ಲ, ರೆಪ್ಪೆ ಬಡಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕೆಂಪು ಮೆಣಸಿನಕಾಯಿ, ತಲೆ ಹಿಡಿದುಕೊಂಡು ನೆಲದ ಮೇಲೆ ಉರುಳಾಟ. ಸಾತವ್ವನಿಗೆ ಬೈಯಲೂ ತ್ರಾಣ ಇರಲಿಲ್ಲ. ಪಾಪ ಅನಿಸಿತು, ಸಿಟ್ಟೂ ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಹೆಗ್ಗಣವಾದರೆ ಹಗಲು ಮಲಗಲು ಬಿಟ್ಟೀತು. ಮಗನನ್ನು ಕರೆದುಕೊಂಡು ಮತ್ತೆ ದವಾಖಾನೆಗೆ ನಡೆದಳು.

"ಯಾವುದನ್ನೂ ಒಂದೇ ಸಮನ ಮಾಡಬಾರದು, ತಮ್ಮಾ," ಅಂದರು ಡಾಕ್ಟರಮ್ಮ. "ನಡುನಡುವ ಬಿಡಬೇಕು. ಮಾರಿಗೆ ತಣ್ಣೀರು ಹಾಕಬೇಕು, ಎದ್ದು ನಾಕು ಹೆಜ್ಜಿ ಅಡ್ಡಾಡಬೇಕು. ಇಲ್ಲಾಂದ್ರ ತಲಿ ನೋಯತೈತಿ."

"ಕೇಳಿದೇನೋ? ಇದನ್ನ ಸಾಯೋತನಕ ಮರೀಬ್ಯಾಡ!" ಅಂದಳು ಸಾತವ್ವ.

"ಮರಿಯಂಗಿಲ್ಲ, ಯವ್ವಾ!"

ನಿಜವಾಗಿಯೂ ಮರೆಯಲಿಲ್ಲ. ಸ್ವಲ್ಪ ನೋಡುವನು, ಫೋನು ಬದಿಗಿಡುವನು, ಮುಖಕ್ಕೆ ನೀರು, ಅಂಗಳದಲ್ಲಿ ನಾಲ್ಕು ಹೆಜ್ಜೆ. ದಿನ ಕಳೆದಂತೆ ನೋವು ಇಳಿಯಿತು. ಒಂದು ಮಧ್ಯಾಹ್ನ "ಒತ್ತು" ಎನ್ನುವ ಕೂಗೇ ಇಲ್ಲ! ಸಾತವ್ವ ಕಿವಿಗೊಟ್ಟಳು. ಮನೆ ಸುಮ್ಮನಿತ್ತು. ಮೆಲ್ಲಗೆ ಕೌದಿ ಹಾಸಿದಳು, ಸೆರಗು ಮಡಿಸಿ ತಲೆಯಡಿ ಇಟ್ಟುಕೊಂಡಳು. ಎಷ್ಟು ವರ್ಷದಿಂದ ಬಾಕಿ ಇದ್ದ ನಿದ್ದೆಯೋ, ಕಣ್ಣು ಮುಚ್ಚುವ ಮೊದಲೇ ಬಂತು. ರಟ್ಟೆ ಸಡಿಲಾಯಿತು. ಕನಸಿನಲ್ಲೂ ಯಾರೂ ರೊಟ್ಟಿ ಕೇಳಲಿಲ್ಲ.

ತಿರಕಪ್ಪ ಅಂಗಳದಿಂದ ಒಳಗೆ ಬಂದ. ತಾಯಿಯನ್ನು ನೋಡಿದ. ಕೂತು ಕಾದ. ಮತ್ತೆ ನೋಡಿದ. ಅವಳು ಮಗ್ಗುಲು ಕೂಡ ಬದಲಿಸದೆ ಒಂದೇ ಸಮನೆ ಮಲಗಿದ್ದಳು. ಅವನು ಬಚ್ಚಲಿಗೆ ಓಡಿದ, ತಣ್ಣೀರಿನ ಕೊಡ ಎತ್ತಿ ತಂದ, ಅವಳ ಮುಖದ ಮೇಲೆ ದಬದಬ ಸುರಿದ.

"ಏಳು, ಯವ್ವಾ, ಏಳು! ಒಂದೇ ಸಮನ ಮಲಗಿಬಿಟ್ಟೀಯಲ್ಲ! ನಡುವ ಬಿಡಬೇಕು! ಏಳು, ನಾಕು ಹೆಜ್ಜಿ ಅಡ್ಡಾಡು!"

ತೋಯ್ದ ಕೌದಿಯ ಮೇಲೆ ಸಾತವ್ವ ಎದ್ದು ಕೂತಳು. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತೇ ಇದ್ದಳು.

ತಿರಕಪ್ಪ ಕೊಡ ಇಳಿಸಿ ಅವಳ ಬೆನ್ನ ಹಿಂದೆ ಕೂತು ಪ್ರೀತಿಯಿಂದ ಹಣೆ ಒತ್ತತೊಡಗಿದ.

"ನೋಡಿದೇನು, ಯವ್ವಾ? ತಲಿನೋವು ಬಂದ ಬಿಟ್ಟಿತು! ಇನ್ನೊಂದೀಟು ಮಲಗಿದ್ದರ ಏನಾಗತಿತ್ತು!"